ಅಸ್ಥಿಮಜ್ಜೆ ಕಸಿಯಾದವರ ಮಾತ್ರೆಯ ಪಕ್ಕ ಕಷಾಯದ ಲೋಟ ಬೇಡ

ಸಂಪಾದಕರಿಗೆ,

ಮಾನ್ಯರೆ,

ಮಳೆ ಹಿಡಿದು ನೆಗಡಿ-ಜ್ವರ ಶುರುವಾಯಿತೆಂದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಕಷಾಯಗಳು ಸಾಲುಗಟ್ಟುತ್ತವೆ. ಅಮೃತಬಳ್ಳಿ, ಅಶ್ವಗಂಧ, ಅರಿಶಿನ, ಕಾಳುಮೆಣಸು. ಕುಡಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಅದೇ ಶಕ್ತಿಯನ್ನು ಮಾತ್ರೆ ನುಂಗಿ ತಗ್ಗಿಸಿಕೊಂಡೇ ದಿನ ದೂಡಬೇಕಾದವರೂ ನಮ್ಮ ಮೈಸೂರು, ಮಂಡ್ಯದ ಬೀದಿಗಳಲ್ಲಿದ್ದಾರೆ. ಬೇರೆಯವರ ಅಸ್ಥಿಮಜ್ಜೆ ಪಡೆದು, ಆಮೇಲೆ ದೀರ್ಘಕಾಲದ ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆಗೆ, ಅಂದರೆ ಜಿವಿಎಚ್‌ಡಿಗೆ ತುತ್ತಾದವರು. ಅವರಿಗೆ ಕಸಿ ಕೇಂದ್ರದವರು ಎಲ್ಲವನ್ನೂ ಹೇಳಿ ಕಳಿಸಿರುತ್ತಾರೆ. ಈ ಪತ್ರ ಅವರಿಗಿಂತ ಹೆಚ್ಚಾಗಿ ಅವರ ಸುತ್ತಲಿನವರಿಗೆ: ಮನೆಯವರಿಗೆ, ನೆಂಟರಿಗೆ, ಬೀದಿ ಕೊನೆಯ ಮೆಡಿಕಲ್ ಸ್ಟೋರಿನವರಿಗೆ, ಊರಿನ ಕ್ಲಿನಿಕ್ಕಿನ ಡಾಕ್ಟರಿಗೆ. ಏಕೆಂದರೆ ಈ ಮಾತ್ರೆಗಳ ಲೆಕ್ಕ ತಪ್ಪುವುದು ರೋಗಿ ಮರೆತದ್ದರಿಂದ ಮಾತ್ರವಲ್ಲ. ಪ್ರೀತಿಯಿಂದ ಯಾರೋ ಇನ್ನೊಂದನ್ನು ಸೇರಿಸಿದ್ದರಿಂದ, ಅಥವಾ ‘ಇಷ್ಟೊಂದು ಮಾತ್ರೆ ಯಾಕೆ’ ಎಂದು ಒಂದನ್ನು ತೆಗೆದದ್ದರಿಂದಲೂ ತಪ್ಪುತ್ತದೆ.

ಕಾಯಿಲೆ ಏನೆಂದು ಎರಡು ಮಾತು. ಕಿಡ್ನಿ ಕಸಿಯಲ್ಲಿ ನಮ್ಮ ದೇಹ ಹೊರಗಿನಿಂದ ಬಂದ ಅಂಗದ ಮೇಲೆ ಬೀಳುತ್ತದೆ. ಅಸ್ಥಿಮಜ್ಜೆ ಕಸಿಯಲ್ಲಿ ಅದು ತಿರುಗುಮುರುಗು. ದಾನಿಯಿಂದ ಬಂದ ರಕ್ಷಣಾಕೋಶಗಳಿಗೆ ಹೊಸ ಮನೆಯೇ ಪರಕೀಯವಾಗಿ ಕಾಣುತ್ತದೆ. ಚರ್ಮ ದಪ್ಪಗಟ್ಟಿ ಬಿಗಿಯುತ್ತದೆ, ಕಣ್ಣು ಒಣಗಿ ಮರಳು ಬಿದ್ದಂತೆ ಚುಚ್ಚುತ್ತದೆ, ಬಾಯಿ ಹುಣ್ಣಾಗಿ ಖಾರ ತಾಗಿದರೆ ಉರಿಯುತ್ತದೆ, ಲಿವರ್ ಕೆಡುತ್ತದೆ. ಕೆಲವರಿಗೆ ಶ್ವಾಸಕೋಶದ ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಅದೇ ಎಲ್ಲಕ್ಕಿಂತ ಗಂಡಾಂತರದ್ದು. ಈ ಕೋಶಗಳನ್ನು ಹದ್ದುಬಸ್ತಿನಲ್ಲಿಡಲು ಮೊದಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ. ಅದರ ಜೊತೆಗೆ ಅಥವಾ ಅದು ಸಾಲದಾದಾಗ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್, ಸಿರೊಲಿಮಸ್, ಮೈಕೊಫಿನೊಲೇಟ್, ರುಕ್ಸೊಲಿಟಿನಿಬ್, ಇಬ್ರೂಟಿನಿಬ್ ಇತ್ಯಾದಿ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ. ಅಂಥವರಿಗೆ ‘ಇಮ್ಯುನಿಟಿ ಕಷಾಯ’ ಕುಡಿಸುವುದೆಂದರೆ ಹತ್ತಿದ ಬೆಂಕಿಗೆ ಊದುಕೊಳವೆ ಹಿಡಿದಂತೆ. ಅಮೃತಬಳ್ಳಿ ಸೇವಿಸಿದ ಮೇಲೆ ಲಿವರಿಗೆ ಪೆಟ್ಟಾದ 6 ಮಂದಿಯ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಆ ವಾದ ಏನೇ ಇರಲಿ, ಜಿವಿಎಚ್‌ಡಿಯಿಂದ ಮೊದಲೇ ಲಿವರ್ ನೊಂದಿರುವವರ ಮೇಲೆ ಅದನ್ನು ಪರೀಕ್ಷಿಸುವ ಅಗತ್ಯ ಯಾರಿಗೂ ಇಲ್ಲ. ಸಾರಿಗೆ ಹಾಕುವ ಅರಿಶಿನ, ಮೆಣಸಿಗೆ ಅಡ್ಡಿಯಿಲ್ಲ. ಅರಿಶಿನದ ಸತ್ವ ತುಂಬಿದ ಕ್ಯಾಪ್ಸೂಲ್ ಬೇಡ.

ಈಗ ಮೆಡಿಕಲ್ ಸ್ಟೋರಿನ ವಿಚಾರ. ಮಂಡ್ಯ ಕಡೆಯ ಯಾವುದೇ ಅಂಗಡಿಯಲ್ಲಿ ಸಂಜೆ ಏಳರ ಹೊತ್ತಿನ ಮಾತುಕತೆ ಹೀಗಿರುತ್ತದೆ. “ಅಣ್ಣೋ, ಮೈಕೈ ನೋವು, ಏನಾರ ಕೊಡಿ.” “ಜ್ವರ ಐತಾ?” “ಒಸಿ ಬೆಚ್ಗೈತೆ.” ನೋವಿಗೆ ಎರಡು, ‘ಗ್ಯಾಸ್’ಗೆ ಒಂದು, ಕಾಗದದ ಕವರು, ಚಿಲ್ಲರೆ. ‘ಬೇರೆ ಏನಾದರೂ ಮಾತ್ರೆ ನಡೀತಾ ಇದೆಯಾ’ ಎಂಬ ಒಂದು ಪ್ರಶ್ನೆ ಆ ಅರ್ಧ ನಿಮಿಷದಲ್ಲಿ ಬರುವುದೇ ಇಲ್ಲ.

ಆ ನೋವಿನ ಮಾತ್ರೆ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಅಥವಾ ಐಬುಪ್ರೊಫೇನ್ ಆಗಿರುತ್ತದೆ. ಕಿಡ್ನಿಯ ಸೋಸುಕಗಳಿಗೆ ರಕ್ತ ಹರಿಸುವ ನಾಳವನ್ನು ಕೆರೆಯ ತೂಬು ಎಂದುಕೊಳ್ಳಿ. ಟ್ಯಾಕ್ರೊಲಿಮಸ್ಸೂ ಸೈಕ್ಲೊಸ್ಪೊರಿನ್ನೂ ಆ ತೂಬನ್ನು ಮೊದಲೇ ಅರ್ಧ ಇಳಿಸಿರುತ್ತವೆ. ಅದು ಪೂರ್ತಿ ಮುಚ್ಚದಂತೆ ಎತ್ತಿ ಹಿಡಿದಿರುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಈ ನೋವಿನ ಮಾತ್ರೆಗಳು ತಡೆಯುವುದು ಅದನ್ನೇ. ಹಿಡಿದ ಕೈ ಬಿಟ್ಟರೆ ತೂಬು ಕೆಳಗೆ ಬೀಳುತ್ತದೆ. ಭೇದಿಯೋ ಬಿಸಿಲೋ ಆಗಿ ಮೈಯಲ್ಲಿ ನೀರೂ ಕಡಿಮೆಯಿದ್ದರೆ ಕೆಲವೇ ದಿನದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ರಕ್ತದ ಅಂಕಿ) ಏರುತ್ತದೆ. ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಹಾಕಿಸಿಕೊಳ್ಳುವ ‘ನೋವಿನ ಸೂಜಿ’ಯೂ ಬಹಳ ಸಲ ಇದೇ ಡೈಕ್ಲೊಫೆನಾಕ್. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ಆದರೆ ಥರ್ಮಾಮೀಟರ್ ಇಟ್ಟು ಜ್ವರ ನೋಡಿದ ಮೇಲೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಮೊದಲೇ ಅಡಗಿ ಕೂತಿರುತ್ತದೆ. ಅದರ ಮೇಲೆ ಪ್ಯಾರಾಸಿಟಮಾಲ್ ಹೊದೆಸಿದರೆ ಸೋಂಕು ರಕ್ತಕ್ಕೆ ಇಳಿದದ್ದೇ ತಿಳಿಯುವುದಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಾಗಲಿ, ಹತ್ತಿರದ್ದು ಯಾವುದೋ ಅಲ್ಲಿಗೆ ಹೊರಡಬೇಕು. ಹೋಗುವ ದಾರಿಯಲ್ಲಿ ಕಸಿ ಕೇಂದ್ರಕ್ಕೆ ಫೋನ್ ಮಾಡಬೇಕು.

‘ಗ್ಯಾಸ್’ ಮಾತ್ರೆಯೂ ನಿರುಪದ್ರವಿಯಲ್ಲ. ಪ್ಯಾಂಟೊಪ್ರಜೋಲ್ ಜಾತಿಯವು ಮೈಕೊಫಿನೊಲೇಟ್ ಮೊಫೆಟಿಲ್ ಹೀರಿಕೆಯನ್ನು ತಗ್ಗಿಸುತ್ತವೆ. ಆಂಟಾಸಿಡ್ ಸಿರಪ್ ಕೂಡ ಹಾಗೆಯೇ; ಕುಡಿಯಲೇಬೇಕಾದರೆ ಮಧ್ಯೆ ಎರಡು ಗಂಟೆಯಾದರೂ ಅಂತರವಿರಲಿ. ಜಿವಿಎಚ್‌ಡಿಗೆ ಕೊಡುವ ಬೆಲುಮೊಸುಡಿಲ್ ಎಂಬ ಹೊಸ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಡೋಸ್ ದಿನಕ್ಕೆ ಒಮ್ಮೆ ಊಟದ ಜೊತೆ 200 ಮಿಲಿಗ್ರಾಂ. ಗ್ಯಾಸ್ ಮಾತ್ರೆ ಜೊತೆಗಿದ್ದರೆ ಅದನ್ನೇ ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ಚಿಲ್ಲರೆಗೆ ಬದಲು ಕೊಡುವಂಥ ಮಾತ್ರೆಯಿಂದ ಇಷ್ಟು ವ್ಯತ್ಯಾಸ.

ಎಲ್ಲಕ್ಕಿಂತ ದೊಡ್ಡ ಏರುಪೇರು ಆ್ಯಂಟಿಬಯಾಟಿಕ್ ಮತ್ತು ಫಂಗಸ್ ಔಷಧಗಳಿಂದ. ಟ್ಯಾಕ್ರೊಲಿಮಸ್ ನುಂಗಿದರೆ ಸರಾಸರಿ ಕಾಲು ಭಾಗದಷ್ಟು ಮಾತ್ರ ರಕ್ತ ಸೇರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಕರುಳಿನ ಗೋಡೆ ಮತ್ತು ಲಿವರಿನಲ್ಲಿರುವ ಒಂದು ಕಿಣ್ವ ದಾರಿಯಲ್ಲೇ ಒಡೆದುಹಾಕುತ್ತದೆ. ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಫ್ಲುಕೊನಜೋಲ್, ಇಟ್ರಾಕೊನಜೋಲ್, ವೊರಿಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಜೆಮ್ ಇವು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಾಲು ಭಾಗ ಬರುತ್ತಿದ್ದ ಔಷಧದ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರತೊಡಗುತ್ತದೆ. ವೊರಿಕೊನಜೋಲ್ ಶುರು ಮಾಡುವಾಗ ಟ್ಯಾಕ್ರೊಲಿಮಸ್ಸನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು ಅದಕ್ಕೇ. ಕೈ ನಡುಕ, ತಲೆನೋವು, ಬಿಪಿ ಏರಿಕೆ, ನಿದ್ದೆ ಹತ್ತದಿರುವುದು ಮಟ್ಟ ಏರಿದ್ದರ ಸೂಚನೆಗಳು. ಸಹಿ ಹಾಕಲು ಪೆನ್ನು ಹಿಡಿದಾಗ ಕೈ ಅದುರಿದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ. ರುಕ್ಸೊಲಿಟಿನಿಬ್ ತೆಗೆದುಕೊಳ್ಳುವವರಲ್ಲಿ ಇದೇ ಕಾರಣಕ್ಕೆ ಪ್ಲೇಟ್‌ಲೆಟ್, ಹಿಮೊಗ್ಲೋಬಿನ್ ಕುಸಿಯುತ್ತವೆ.

ಮೈಮರೆಸುವುದು ಅದರ ಇನ್ನೊಂದು ತುದಿ. ಫಂಗಸ್ ಔಷಧದ ಕೋರ್ಸ್ ಮುಗಿಯಿತು, ನಿಲ್ಲಿಸಿದರು. ತಗ್ಗಿಸಿದ್ದ ಟ್ಯಾಕ್ರೊಲಿಮಸ್ಸನ್ನು ಮತ್ತೆ ಏರಿಸಬೇಕೆಂಬುದು ಯಾರ ನೆನಪಿಗೂ ಬರಲಿಲ್ಲ. ಕಟ್ಟು ಬಿಚ್ಚಿದ ಕಿಣ್ವ ಕೆಲಸಕ್ಕೆ ಮರಳುತ್ತದೆ, ಮಟ್ಟ ಇಳಿಯುತ್ತದೆ, ಕೆಲವು ವಾರಕ್ಕೆ ಬಾಯಿ ಮತ್ತೆ ಹುಣ್ಣು, ಚರ್ಮ ಮತ್ತೆ ಬಿಗಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫಿನಿಟಾಯಿನ್, ಕಾರ್ಬಮಜೆಪಿನ್ ಇನ್ನೂ ಜೋರು. ಕಿಣ್ವವನ್ನೇ ದುಪ್ಪಟ್ಟು ದುಡಿಸಿ ಒಂದೆರಡು ವಾರದಲ್ಲಿ ಮಟ್ಟವನ್ನು ನೆಲಕ್ಕಿಳಿಸುತ್ತವೆ. ನಮ್ಮ ಕಡೆ ಕ್ಷಯ ಅಪರೂಪವಲ್ಲ. ತಾಲೂಕು ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಶುರು ಮಾಡುವ ದಿನವೇ ಕಸಿ ಕೇಂದ್ರಕ್ಕೆ ತಿಳಿಯಬೇಕು, ಮುಂದಿನ ಭೇಟಿಯಲ್ಲಿ ಅಲ್ಲ.

ಹಣ್ಣಿನಲ್ಲಿ ಈ ಕಿಣ್ವ ಕಟ್ಟುವ ಗುಣ ಇರುವುದು ಚಕ್ಕೋತಕ್ಕೆ. ಇಂಗ್ಲಿಷ್ ಚೀಟಿಯಲ್ಲಿ ‘ಗ್ರೇಪ್‌ಫ್ರೂಟ್ ಬೇಡ’ ಎಂದು ಬರೆದಿರುತ್ತದೆ. ಓದಿದವರು ದ್ರಾಕ್ಷಿ ಎಂದುಕೊಂಡು ದ್ರಾಕ್ಷಿ ಬಿಡುತ್ತಾರೆ, ಪೂಜೆಗೆ ತಂದ ಚಕ್ಕೋತ ಬಿಡಿಸಿ ತಿನ್ನುತ್ತಾರೆ! ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದ ಕುಲದಲ್ಲಿ, ಅದೇ ವಸ್ತು ಎರಡರಲ್ಲೂ ಇದೆ. ಒಂದು ತೊಳೆ ತಿಂದರೂ ಕರುಳಿನ ಕಿಣ್ವ ಚೇತರಿಸಿಕೊಳ್ಳಲು ಒಂದೆರಡು ದಿನ ಬೇಕಾಗಬಹುದು, ಹಾಗಾಗಿ ‘ಮಾತ್ರೆ ಬೆಳಿಗ್ಗೆ, ಹಣ್ಣು ಸಂಜೆ’ ಎಂಬ ಉಪಾಯ ನಡೆಯುವುದಿಲ್ಲ. ಚಿತ್ರಾನ್ನಕ್ಕೆ ಹಿಂಡುವ ಹೇರಳೆಕಾಯಿಯನ್ನೂ ದೂರವಿಡುವುದೇ ಜಾಣತನ. ಕೊಡಗಿನ ಕಿತ್ತಳೆ ತಿನ್ನಬಹುದು.

ಎಳನೀರು ಬೇಡ ಎಂದರೆ ಮದ್ದೂರಿನವರು ನಮ್ಮ ಮೇಲೆ ಮುನಿಸಿಕೊಂಡಾರು, ಆದರೂ ಹೇಳಲೇಬೇಕು. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ. ತುಂಬಿದ ಒಂದು ಬುರುಡೆಯಲ್ಲಿ 700ರ ಆಸುಪಾಸು. ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಎರಡೂ ಪೊಟ್ಯಾಶಿಯಂ ಹೊರಹೋಗದಂತೆ ತಡೆಯುತ್ತವೆ. ನ್ಯುಮೋನಿಯಾ ಬಾರದಿರಲೆಂದು ಕೊಡುವ ಕೋ-ಟ್ರೈಮಾಕ್ಸಜೋಲ್ ಕೂಡ ತಡೆಯುತ್ತದೆ. ಆ ಎರಡರಲ್ಲೊಂದು, ಕೋ-ಟ್ರೈಮಾಕ್ಸಜೋಲ್, ಎಳನೀರು ಮೂರೂ ಸೇರಿದಾಗ ಹೃದಯದ ಲಯ ತಪ್ಪಬಹುದು. ಕಳೆದ ರಕ್ತಪರೀಕ್ಷೆಯಲ್ಲಿ ಪೊಟ್ಯಾಶಿಯಂ 5ಕ್ಕಿಂತ ಮೇಲಿದ್ದವರಿಗೆ ಎಳನೀರು, ‘ಲೋ ಸೋಡಿಯಂ’ ಉಪ್ಪು ಎರಡೂ ಸಲ್ಲ. ಸರಿಯಿದ್ದವರು ಡಾಕ್ಟರನ್ನು ಕೇಳಿ ಅಪರೂಪಕ್ಕೆ ಕುಡಿಯಬಹುದು. ರಸ್ತೆ ಬದಿಯ ಕಬ್ಬಿನ ಹಾಲಿನದು ಬೇರೆ ತಕರಾರು, ಐಸು ಮತ್ತು ಸಕ್ಕರೆ. ಸ್ಟೀರಾಯ್ಡಿನಿಂದ ಏರುವ ಸಕ್ಕರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಣಿಸದೇ ಹೋಗಬಹುದು. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಮಧ್ಯಾಹ್ನದ ಊಟದ ನಂತರ ಸಕ್ಕರೆ ಏರಿಸುತ್ತದೆ. ಗ್ಲುಕೋಮೀಟರ್ ಇರುವವರು ಊಟವಾಗಿ ಎರಡು ಗಂಟೆಗೋ, ಸಂಜೆ ನಾಲ್ಕಕ್ಕೋ ಬೆರಳು ಚುಚ್ಚಿ ನೋಡಲಿ. ಬಿಸಿಬಿಸಿ ಮದ್ದೂರು ವಡೆ ತಿನ್ನಬಹುದು (ಬಾಯಿಹುಣ್ಣು ಒಪ್ಪಿದರೆ). ಬೆಳಗಿನಿಂದ ಕೂತ ಕಾಯಿಚಟ್ನಿ, ಮೊಳಕೆಕಾಳಿನ ಕೋಸಂಬರಿ ಬೇಡ. ಮೈಸೂರು ವೀಳ್ಯದೆಲೆ ಎಷ್ಟೇ ಹೆಸರಾಗಿದ್ದರೂ ಬಾಯಿಯ ಜಿವಿಎಚ್‌ಡಿ ಇರುವವರಿಗೆ ಅಡಿಕೆ, ಸುಣ್ಣ, ಹೊಗೆಸೊಪ್ಪಿನ ತಾಂಬೂಲ ಕಟ್ಟುನಿಟ್ಟಾಗಿ ವರ್ಜ್ಯ, ಬಾಯಿ ಕ್ಯಾನ್ಸರಿನ ಸಂಭವ ಅವರಿಗೆ ಮೊದಲೇ ಹೆಚ್ಚು.

ಇನ್ನು ರಕ್ತಮಟ್ಟದ ಪರೀಕ್ಷೆ. ಇಲ್ಲಿ ಆಗುವ ತಪ್ಪು ಒಂದೇ, ಆದರೆ ಮತ್ತೆ ಮತ್ತೆ ಆಗುತ್ತದೆ. ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್‌ಗಳ ಮಟ್ಟ ನೋಡುವುದು ಹಿಂದಿನ ಡೋಸ್ ಆಗಿ 12 ಗಂಟೆಗೆ, ಮುಂದಿನದು ನುಂಗುವ ಮುನ್ನ. ಹಲವು ಕೇಂದ್ರಗಳು ಟ್ಯಾಕ್ರೊಲಿಮಸ್ಸನ್ನು ಮಿಲಿಲೀಟರಿಗೆ 5ರಿಂದ 10 ನ್ಯಾನೊಗ್ರಾಂ ನಡುವೆ ಇಡಲು ನೋಡುತ್ತವೆ. ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರ್, ಮೈಸೂರಿನಿಂದ ನೂರನಲವತ್ತರ ಮೇಲೆ. ನಸುಕಿಗೆ ಎದ್ದು ರೈಲು ಹತ್ತುವವರು ‘ದಾರಿಯಲ್ಲಿ ಮರೆತೀತು’ ಎಂದು ಮನೆಯಲ್ಲೇ ಮಾತ್ರೆ ನುಂಗಿಬಿಡುತ್ತಾರೆ. ಎರಡು-ಮೂರು ಗಂಟೆ ಬಿಟ್ಟು ರಕ್ತ ಕೊಟ್ಟರೆ ಯಂತ್ರ ತೋರಿಸುವುದು ಮಾತ್ರೆಯ ಶಿಖರವನ್ನು. ನಿಜದಲ್ಲಿ 7 ಇರುವವರಿಗೆ 15, 20 ಎಂದು ಬರಬಹುದು. ಅದನ್ನು ನಂಬಿ ಡಾಕ್ಟರು ಡೋಸ್ ಇಳಿಸುತ್ತಾರೆ, ಕಾಯಿಲೆ ಕೆರಳುತ್ತದೆ. ಆದ್ದರಿಂದ ಪರೀಕ್ಷೆಯ ದಿನ ಆ ಒಂದು ಮಾತ್ರೆ ಜೇಬಿನಲ್ಲಿರಲಿ, ತಿಂಡಿಯ ಪೊಟ್ಟಣದ ಜೊತೆ. ರಕ್ತ ಕೊಟ್ಟ ಮರುಕ್ಷಣ ನುಂಗಿ. ಉಳಿದ ಮಾತ್ರೆಗಳು ಎಂದಿನಂತೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಹತ್ತು ಗಂಟೆಗೆ ಎಂದಾದರೆ ದಿನನಿತ್ಯದ ಸಮಯವನ್ನೇ ಬೆಳಿಗ್ಗೆ 10, ರಾತ್ರಿ 10 ಎಂದು ಮಾಡಿಕೊಳ್ಳಬಹುದಾ ಎಂದು ಕೇಂದ್ರದಲ್ಲಿ ಕೇಳಿ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ನುಂಗಿದ್ದು ಎಂಬುದನ್ನು ಲ್ಯಾಬಿನ ಚೀಟಿಯ ಮೇಲೆ ಬರೆಸಿ. ಊರಿನಲ್ಲೇ ರಕ್ತ ಕೊಡುವುದಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲೇ ತೆಗೆಯಬೇಕು, ಏಕೆಂದರೆ ಈ ಔಷಧ ಹೆಚ್ಚಾಗಿ ಕೆಂಪುಕಣಗಳ ಒಳಗೆ ಇರುತ್ತದೆ; ಸೀರಂ ಬೇರ್ಪಡಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ಸಲವೂ ಒಂದೇ ಲ್ಯಾಬ್ ಇರಲಿ, ಯಂತ್ರದಿಂದ ಯಂತ್ರಕ್ಕೆ ಅಂಕಿ ಬೇರೆಯಾಗುತ್ತದೆ.

ಭೇದಿ ಹಿಡಿದರೆ ಔಷಧ ಹೊರಗೆ ಹೋಯಿತು ಎಂದುಕೊಳ್ಳುವುದು ಸಹಜ. ಟ್ಯಾಕ್ರೊಲಿಮಸ್ ವಿಚಾರದಲ್ಲಿ ಉಲ್ಟಾ: ಕರುಳಿನ ಗೋಡೆಯ ಕಿಣ್ವ ಸವೆದು ಮಟ್ಟ ಏರುತ್ತದೆ. ಹೆಚ್ಚುವರಿ ಮಾತ್ರೆ ನುಂಗುವ ಬದಲು ಫೋನ್ ಮಾಡಿ. ಡೋಸ್ ತಪ್ಪಿದರೆ ಎಷ್ಟು ಗಂಟೆಯೊಳಗೆ ನುಂಗಬಹುದು, ವಾಂತಿಯಾದರೆ ಏನು ಎಂಬುದಕ್ಕೆ ಒಂದೊಂದು ಔಷಧಕ್ಕೆ ಒಂದೊಂದು ನಿಯಮ. ಅದನ್ನು ಕೇಂದ್ರದಲ್ಲೇ ಕೇಳಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಎರಡು ಡೋಸ್ ಒಟ್ಟಿಗೆ ಯಾವ ಔಷಧದಲ್ಲೂ ಇಲ್ಲ.

ಮಾತ್ರೆ ಇಡುವ ಬಗ್ಗೆ. ಸೈಕ್ಲೊಸ್ಪೊರಿನ್ ಕ್ಯಾಪ್ಸೂಲ್ ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್‌ನಿಂದ ಹೊರಬರಬೇಕು. ವಾರದ ಏಳು ಖಾನೆಯ ಡಬ್ಬಿಗೆ ಒಟ್ಟಿಗೆ ಬಿಡಿಸಿ ತುಂಬುವುದು ಅದಕ್ಕೆ ಒಗ್ಗದು. ಸ್ಟ್ರಿಪ್ ಹರಿದಾಗ ಬರುವ ಘಾಟು ವಾಸನೆ ಅದರ ಸ್ವಭಾವ, ಕೆಟ್ಟಿದ್ದಲ್ಲ. ಅದರ ದ್ರವರೂಪವನ್ನು ಫ್ರಿಜ್ಜಿನಲ್ಲಿಡಬೇಡಿ; ಗಾಜಿನ ಲೋಟದಲ್ಲಿ ಕಲಸಿ, ಪ್ಲಾಸ್ಟಿಕ್ಕಿಗೆ ಅದು ಅಂಟಿಕೊಳ್ಳುತ್ತದೆ; ಕುಡಿದ ಮೇಲೆ ಅದೇ ಲೋಟ ತೊಳೆದ ನೀರನ್ನೂ ಕುಡಿಯಬೇಕು. ಟ್ಯಾಕ್ರೊಲಿಮಸ್ ಕ್ಯಾಪ್ಸೂಲನ್ನು ಬಿಚ್ಚಿ ಅರ್ಧ ಮಾಡುವಂತಿಲ್ಲ. ಒಳಗಿನ ಬಿಳಿ ಪುಡಿ ಮೂಗಿಗೆ ಹೋಗಬಾರದು, ಗರ್ಭಿಣಿಯರಂತೂ ಮುಟ್ಟಲೇಬಾರದು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಮರೆತ ಸ್ಟ್ರಿಪ್ಪನ್ನು ನಂಬಬೇಡಿ. ಖಾಲಿ ಹೊಟ್ಟೆಯೋ ಊಟದ ಜೊತೆಯೋ, ಹೇಗೆ ಶುರು ಮಾಡಿದಿರೋ ಹಾಗೆಯೇ ದಿನವೂ.

ಅಂಗಡಿಯವರಲ್ಲಿ ಒಂದು ಕೋರಿಕೆ. ಬರೆದ ಬ್ರ್ಯಾಂಡ್ ಇಲ್ಲವೆಂದು ‘ಎರಡೂ ಒಂದೇ ಸಾರ್’ ಎಂದು ಇನ್ನೊಂದನ್ನು ಕೊಡಬೇಡಿ. ಜೆನರಿಕ್ ಔಷಧ ಕೀಳು ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ದುಡ್ಡಿನ ಕಾರಣಕ್ಕೆ ಬದಲಿಸಬೇಕಾದರೆ ಡಾಕ್ಟರಿಗೆ ತಿಳಿಸಿಯೇ ಬದಲಿಸಿ, ವಾರದೊಳಗೆ ಮಟ್ಟ ಪರೀಕ್ಷಿಸಿಕೊಳ್ಳಬೇಕು. ದಿನಕ್ಕೆರಡು ಬಾರಿಯ ಟ್ಯಾಕ್ರೊಲಿಮಸ್ ಜಾಗದಲ್ಲಿ ದಿನಕ್ಕೊಮ್ಮೆಯದು ಹೋಗಿಬಿಟ್ಟರೆ ಅನಾಹುತ. ಸ್ಟೀರಾಯ್ಡ್‌ನಲ್ಲೂ ಅಂಕಿ ಮೋಸ ಮಾಡುತ್ತದೆ: ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ, ಮೀಥೈಲ್‌ಪ್ರೆಡ್ನಿಸೊಲೋನ್ 4, ಡಿಫ್ಲಾಜಕಾರ್ಟ್ 6, ಮೂರರ ಬಲವೂ ಒಂದೇ. ವಾರವಾರ ಇಳಿಸುವಾಗ ಮನೆಯಲ್ಲಿ 20ರ, 10ರ, 5ರ ಸ್ಟ್ರಿಪ್‌ಗಳು ಒಂದೇ ಡಬ್ಬಿಯಲ್ಲಿ ಸೇರಿಕೊಳ್ಳುತ್ತವೆ. ಹಳೆಯ ಬಲದ ಸ್ಟ್ರಿಪ್ಪನ್ನು ಬೇರೆ ಕವರಿಗೆ ಹಾಕಿ ಬಾಯಿ ಕಟ್ಟಿಡಿ. ‘ಮುಖ ಊದಿತು, ಈ ಸ್ಟೀರಾಯ್ಡ್ ಬಿಟ್ಟುಬಿಡು’ ಎನ್ನುವ ನೆಂಟರಿಗೂ ತಿಳಿದಿರಲಿ, ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ತನ್ನದೇ ಸ್ಟೀರಾಯ್ಡ್ ತಯಾರಿಸಲಾಗದೆ ಬಿಪಿ ಕುಸಿಯುತ್ತದೆ.

ಹೊಲಮನೆಯವರಿಗೆ: ಒಕ್ಕಣೆಯ ಧೂಳು, ಬೂಷ್ಟು ಹಿಡಿದ ಹುಲ್ಲು, ತಿಪ್ಪೆ ಕೆದಕುವ ಕೆಲಸ, ಆಲೆಮನೆಯ ಹಳೇ ಸಿಪ್ಪೆರಾಶಿ ಇವುಗಳಲ್ಲಿ ಆಸ್ಪರ್ಜಿಲಸ್ ಫಂಗಸ್ಸಿನ ಬೀಜಕಣ ಹೇರಳ. ಮಾಸ್ಕ್ ಹಾಕಿಕೊಂಡು ಮಾಡುತ್ತೇನೆ ಎನ್ನುವುದಕ್ಕಿಂತ ಆ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿ. ಬಿಸಿಲಿಗೆ ತುಂಬು ತೋಳಿನ ಅಂಗಿ, ಕೊಡೆ. ಬಿಸಿಲು ತಾಗಿದರೂ ಚರ್ಮದ ಜಿವಿಎಚ್‌ಡಿ ಕೆರಳುತ್ತದೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಈ ಮಾತ್ರೆಗಳ ಮೇಲಿರುವಾಗ ಸಲ್ಲ. ಮನೆಯ ಮಗುವಿಗೆ ಪೋಲಿಯೊ ಹನಿ ಹಾಕಿಸುವ ಮುನ್ನ ಡಾಕ್ಟರಿಗೆ ಹೇಳಿ, ಆಮೇಲೆ ಕೆಲವು ವಾರ ಮಗುವಿನ ಬಟ್ಟೆ ಬದಲಿಸುವುದು ಬೇರೆಯವರ ಪಾಲಿಗಿರಲಿ. ಹಲ್ಲು ಕೀಳಿಸುವ ಮುನ್ನ, ಅದರಲ್ಲೂ ಇಬ್ರೂಟಿನಿಬ್ ತೆಗೆದುಕೊಳ್ಳುವವರು, ಕೇಂದ್ರಕ್ಕೆ ತಿಳಿಸಬೇಕು. ರಕ್ತ ಬೇಗ ನಿಲ್ಲುವುದಿಲ್ಲ. ಯಾವ ಆಸ್ಪತ್ರೆಯಲ್ಲೇ ರಕ್ತವೋ ಪ್ಲೇಟ್‌ಲೆಟ್ಟೋ ಏರಿಸುವುದಾದರೂ ಅದು ವಿಕಿರಣಕ್ಕೆ ಒಳಪಡಿಸಿದ್ದೇ ಆಗಬೇಕು. ‘ಇರ್ರೇಡಿಯೇಟೆಡ್’ ಎಂಬ ಒಂದು ಪದವನ್ನು ಔಷಧಪಟ್ಟಿಯ ಜೊತೆ ಕಾರ್ಡಿನ ಮೇಲೆ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ.

ಕೊನೆಯದಾಗಿ ಸ್ಟಾಕಿನ ಮಾತು. ಈ ಔಷಧಗಳನ್ನು ಮಂಡ್ಯ, ಮದ್ದೂರು, ನಂಜನಗೂಡಿನ ಅಂಗಡಿಗಳು ಕಪಾಟಿನಲ್ಲಿ ಇಟ್ಟುಕೊಂಡಿರುವುದಿಲ್ಲ, ತರಿಸಿಕೊಡುತ್ತವೆ. ಕೈಯಲ್ಲಿ 14 ದಿನದ ಮಾತ್ರೆ ಉಳಿದಾಗಲೇ ಹೇಳಿಡಬೇಕು. ದಸರಾದಲ್ಲಿ ಆಯುಧಪೂಜೆ, ವಿಜಯದಶಮಿ, ಅದರ ಬೆನ್ನಿಗೆ ಭಾನುವಾರ ಬಂದರೆ ಕೊರಿಯರ್ ಮೂರು-ನಾಲ್ಕು ದಿನ ನಿಲ್ಲುತ್ತದೆ, ಅರಮನೆ ಸುತ್ತಲ ರಸ್ತೆಗಳೂ ಬಂದ್. ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿದರಾಯಿತು, ಮಾತ್ರೆಯನ್ನು ಮಾತ್ರ ನವರಾತ್ರಿಯ ಮೊದಲ ದಿನಕ್ಕೇ ತರಿಸಿಟ್ಟುಕೊಳ್ಳಿ.

– ಇಬ್ಬರು ಆಸ್ಪತ್ರೆ ಫಾರ್ಮಾಸಿಸ್ಟರು, ಮೈಸೂರು